ಕೂಸಿರುವ ಮನೆಯಲ್ಲಿ ಮೊಬೈಲಿನ ರಕ್ಷಣೆ

ಕೂಸು ಅಂಬೆಗಾಲಿಡತೊಡಗಿದೊಡನೆ ಗಾಜಿನ ಬಳೆ, ಮಣ್ಣಿನ ಕುಡಿಕೆ, ತಾತನ ಕನ್ನಡಕ ಇವೆಲ್ಲವೂ ಅಟ್ಟವನ್ನೇರುವುದು ನಮ್ಮ ಮನೆಗಳ ಹಳೆಯ ವಾಡಿಕೆ. ಈಗ ಆ ಸಾಲಿಗೆ ಮೊಬೈಲೂ ಸೇರಿದೆ. 2020ರಲ್ಲಿ ಶಾಲೆಗಳು ಮುಚ್ಚಿದ್ದಾಗ ಪಾಠಗಳೂ ಅದರ ಮೂಲಕವೇ ಬಂದುದನ್ನು ನಾವು ಕಂಡಿದ್ದೇವೆ. ಮನೆಗೆ ಒಂದೇ ಮೊಬೈಲಿದ್ದಲ್ಲಿ ಅದು ತಂದೆಗೆ ಮಂಡಿಯ ಧಾರಣೆಯನ್ನು ತಿಳಿಸುವ ಸಾಧನ, ತಾಯಿಗೆ ತವರಿನ ದನಿ, ಮಕ್ಕಳಿಗೆ ಪಾಠದ ಪುಸ್ತಕ. ಅದು ಕೆಟ್ಟರೆ ಗೆಟ್ಟವಾಡಿಯಂತಹ ಊರಿನವರು ದುರಸ್ತಿಗಾಗಿ ಪೇಟೆಯನ್ನರಸಿ ಹೋಗಬೇಕು. ಸತ್ಯಮಂಗಲಕ್ಕಾದರೆ ದಿಂಬಂ ಘಟ್ಟದ 27 ತಿರುವುಗಳನ್ನು ಇಳಿಯಬೇಕು. ಖರ್ಚಿನೊಡನೆ ಒಂದು ದಿನದ ದುಡಿಮೆಯೂ ಹೋಗುತ್ತದೆ.

ಇದಕ್ಕೆ ಕೂಸನ್ನು ಗದರಿಸಿ ಫಲವಿಲ್ಲ. ಸಿಕ್ಕಿದ್ದನ್ನು ಬಾಯಿಗಿಡುವುದು, ಎಸೆದು ಸದ್ದನ್ನು ಕೇಳುವುದು, ಹಿರಿಯರು ಮಾಡಿದಂತೆ ಮಾಡುವುದು ಇವು ಶಿಶುವು ಲೋಕವನ್ನು ಅರಿಯುವ ಕ್ರಮಗಳು. ಆದುದರಿಂದ ತಿದ್ದಬೇಕಾದುದು ಕೂಸನ್ನಲ್ಲ, ಮನೆಯ ಏರ್ಪಾಡನ್ನು.

ಮೊದಲನೆಯದು ಬೀಳುವ ಅಪಾಯ. ಮೊಬೈಲಿನ ಗಾಜು ಗಟ್ಟಿಯಾದುದೇ ಆದರೂ ಮೂಲೆಗೆ ಪೆಟ್ಟು ಬಿದ್ದಾಗ ಸುಲಭವಾಗಿ ಸೀಳುತ್ತದೆ. ತೆಂಗಿನಕಾಯಿ ಕಲ್ಲಿನ ಮೇಲೆ ಬಿದ್ದರೆ ಒಡೆಯುತ್ತದೆ, ಹುಲ್ಲಿನ ಮೆದೆಯ ಮೇಲೆ ಬಿದ್ದರೆ ಉಳಿಯುತ್ತದೆಯಲ್ಲವೆ? ಮೆತ್ತನೆಯ ವಸ್ತುವು ಪೆಟ್ಟಿನ ವೇಗವನ್ನು ನಿಧಾನವಾಗಿ ತಗ್ಗಿಸುವುದೇ ಇದಕ್ಕೆ ಕಾರಣ. ಮೂಲೆಗಳು ದಪ್ಪವಾಗಿದ್ದು, ಅಂಚು ಗಾಜಿಗಿಂತ ತುಸು ಎತ್ತರವಾಗಿರುವ ರಬ್ಬರಿನ ಕವಚವು ಇದೇ ಕೆಲಸವನ್ನು ಮಾಡುತ್ತದೆ.

ಎರಡನೆಯದು ತೇವ. ಜೊಲ್ಲಿನಲ್ಲಿ ಲವಣಾಂಶವಿರುವುದರಿಂದ, ಅದು ಚಾರ್ಜು ಮಾಡುವ ರಂಧ್ರವನ್ನು ಹೊಕ್ಕರೆ ಅಲ್ಲಿಯ ಲೋಹವು ಕಿಲುಬುಗಟ್ಟುತ್ತದೆ. ಕೆಲವು ಮೊಬೈಲುಗಳಿಗೆ ‘ಐಪಿ67’ ಎಂಬ ಗುರುತಿರುತ್ತದೆ. ಅವು ಧೂಳನ್ನು ಒಳಗೆ ಬಿಡವು, 1 ಮೀಟರು ಆಳದ ನೀರಿನಲ್ಲಿ 30 ನಿಮಿಷ ತಡೆಯುವುವು ಎಂದು ಇದರ ಅರ್ಥ. ಆದರೆ ಈ ಪರೀಕ್ಷೆ ಶುದ್ಧವಾದ ನೀರಿನಲ್ಲಿ ನಡೆದುದು. ಸೋಪಿನ ನೀರಿಗೆ ಇದು ಸಲ್ಲದು, ಹಳತಾದಂತೆ ಬಿಗಿಯೂ ಸಡಿಲುವುದು. ನೀರಿಗೆ ಬಿದ್ದ ಮೊಬೈಲನ್ನು ಕೂಡಲೇ ಆರಿಸಿ, ಒರೆಸಿ, ರಂಧ್ರವನ್ನು ಕೆಳಮುಖವಾಗಿ ಹಿಡಿದು ಮೆಲ್ಲನೆ ತಟ್ಟಿ, ಗಾಳಿಯಾಡುವೆಡೆಯಲ್ಲಿ ಒಣಗಿಸಬೇಕು. ಪೂರ್ತಿ ಒಣಗುವವರೆಗೆ ಚಾರ್ಜಿಗೆ ಹಾಕಬಾರದು. ಅಕ್ಕಿಯಲ್ಲಿ ಹೂತಿಡುವ ರೂಢಿ ಸರಿಯಲ್ಲ. ಅಕ್ಕಿಯ ಸಣ್ಣ ಕಣಗಳಿಂದ ಕೇಡಾಗಬಹುದೆಂದು ಆಪಲ್ ಸಂಸ್ಥೆಯೇ 2024ರಲ್ಲಿ ತಿಳಿಸಿತು.

ಮೂರನೆಯದು ಬೆರಳುಗಳ ಆಟ. ಕೂಸಿನ ಕೈ ತಗಲಿ ಚಿತ್ರಗಳು ಅಳಿಯಬಹುದು, ಬೀಗ ಹಾಕಿದ್ದರೂ 112ಕ್ಕೆ ತುರ್ತು ಕರೆ ಹೋಗಬಹುದು. ಗುಪ್ತಸಂಖ್ಯೆಯ ಬೀಗವಿರಲಿ, ಹಣ ಪಾವತಿಯ ಸಂಖ್ಯೆಯು ಅದಕ್ಕಿಂತ ಬೇರೆಯಾಗಿರಲಿ. ಮುಖ್ಯವಾದ ಚಿತ್ರಗಳ ಪ್ರತಿಯೊಂದು ಬೇರೆ ಕಡೆಯೂ ಇರಲಿ.

ಮೊಬೈಲನ್ನು ಕೂಸಿನಿಂದ ಕಾಯುವಂತೆಯೇ ಕೂಸನ್ನು ಮೊಬೈಲಿನಿಂದಲೂ ಕಾಯಬೇಕು. ಒಳಗಿರುವ ಲಿಥಿಯಂ ಬ್ಯಾಟರಿ ಜಜ್ಜಿದರೆ ಅಥವಾ ತೂತಾದರೆ ಹೊತ್ತಿಕೊಳ್ಳಬಹುದು. ಆದುದರಿಂದ ಉಬ್ಬಿದ ಅಥವಾ ಒಡೆದ ಹಳೆಯ ಮೊಬೈಲನ್ನು ಆಟಿಕೆಯೆಂದು ಕೊಡಲೇಬಾರದು. ಗೋಡೆಯಲ್ಲಿ ಸಿಕ್ಕಿಸಿದ ಚಾರ್ಜರಿನ ತಂತಿ ಜೋತಾಡುತ್ತಿದ್ದರೆ ಅದರ ತುದಿ ಕೂಸಿನ ಬಾಯಿಗೆ ಹೋಗುತ್ತದೆ. 1 ವರ್ಷದೊಳಗಿನ ಶಿಶುಗಳಿಗೆ ಪರದೆಯೇ ಬೇಡವೆಂದೂ, 2ರಿಂದ 4 ವರ್ಷದವರಿಗೆ ದಿನಕ್ಕೆ 1 ಗಂಟೆಯನ್ನು ಮೀರಬಾರದೆಂದೂ ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ಹೇಳಿದೆ. ಉಣಿಸುವಾಗ ಮೊಬೈಲನ್ನು ತೋರಿಸುವ ಅಭ್ಯಾಸವನ್ನು ಬಿಟ್ಟರೆ ಎರಡೂ ಉಳಿಯುತ್ತವೆ.

ವಿದ್ಯಾರ್ಥಿಗಳೇ, ಈ ಕಾರ್ಯದಲ್ಲಿ ನಿಮ್ಮ ಪಾಲು ದೊಡ್ಡದು. ಮೊಬೈಲಿಗೆ ಕೂಸಿನ ಕೈಗೆಟುಕದ ಒಂದು ಗೂಡನ್ನು ಗೊತ್ತುಮಾಡಿರಿ. ಪಾಠ ಮುಗಿದೊಡನೆ ಅದನ್ನು ಅಲ್ಲಿಗೇ ಸೇರಿಸಿರಿ. ತಮ್ಮನೋ ತಂಗಿಯೋ ಅದಕ್ಕಾಗಿ ಅತ್ತರೆ ಮರದ ಗಿಲಕಿಯನ್ನು ಕೊಡಿರಿ, ಇಲ್ಲವೆ ಎತ್ತಿಕೊಂಡು ಹೊರಗಿನ ಕರುವನ್ನು ತೋರಿಸಿರಿ. ಕೂಸಿಗೆ ಬೇಕಾದುದು ಮೊಬೈಲಲ್ಲ, ನಿಮ್ಮ ಸಂಗಡ.