ಕವಾಟ ಕೂಡಿಸಿದ ಮೇಲೆ

ಕವಾಟವೆಂದರೆ ಕದ. ಕೋಟೆಗೂ ಗುಡಿಗೂ ಸಲ್ಲುತ್ತಿದ್ದ ಈ ಶಬ್ದವನ್ನು ಹೃದಯಕ್ಕೆ ತಂದವರು ಉಚಿತವನ್ನೇ ಮಾಡಿದರು. ಹೃದಯದಲ್ಲಿ ಇಂಥ ಕದಗಳು 4. ದಿನಕ್ಕೆ ಸುಮಾರು 1 ಲಕ್ಷ ಸಲ ತೆರೆದು ಮುಚ್ಚಿ, ನೆತ್ತರನ್ನು ಹಿಂದಕ್ಕೆ ಹೊರಳಗೊಡದೆ ಕಾಯುತ್ತವೆ.

ನಮ್ಮ ದೇಶದಲ್ಲಿ ಎಳೆಯ ಪ್ರಾಯದವರ ಕವಾಟ ಕೆಡಲು ಮುಖ್ಯ ಕಾರಣ ಕೀಲುವಾತದ ಜ್ವರ. ಬಾಲ್ಯದ ಗಂಟಲುನೋವನ್ನು ಅಲಕ್ಷಿಸಿದರೆ ಕೆಲವು ಮಕ್ಕಳಿಗೆ ಇದು ಅಂಟಿಕೊಳ್ಳುತ್ತದೆ. ಕೀಲುನೋವು ಹೋಗುತ್ತದೆ, ಹೃದಯದ ಗಾಯ ಉಳಿಯುತ್ತದೆ. ಎಷ್ಟೋ ವರ್ಷಗಳ ಮೇಲೆ ಮೆಟ್ಟಿಲು ಹತ್ತುವಾಗ ಉಸಿರು ಕಟ್ಟುತ್ತದೆ.

ಕೆಟ್ಟ ಕದವನ್ನು ತೆಗೆದು ಹೊಸದನ್ನು ಕೂಡಿಸುವ ವಿದ್ಯೆ 1960ರಿಂದ ಬೆಳೆದುಬಂದಿದೆ. ತಿರುವನಂತಪುರದ ಶ್ರೀ ಚಿತ್ರಾ ತಿರುನಾಳ್ ಸಂಸ್ಥೆ ನಮ್ಮಲ್ಲಿಯೇ ರೂಪಿಸಿದ ಚಿತ್ರಾ ಕವಾಟವನ್ನು 1990ರ ಡಿಸೆಂಬರ್ 6ರಂದು ಮೊದಲ ಬಾರಿ ರೋಗಿಗೆ ಅಳವಡಿಸಲಾಯಿತು. ಗೋಕಾಕ, ಮೂಡಲಗಿ, ಹುಕ್ಕೇರಿಗಳವರು ಇಂಥ ಚಿಕಿತ್ಸೆಗೆ ಬೆಳಗಾವಿಗೋ ಇನ್ನೂ ದೂರಕ್ಕೋ ಹೋಗುತ್ತಾರೆ. ಹೊಲಿಗೆ ಮಾಯ್ದು ಊರಿಗೆ ಬಂದರೆ, ಬೇನೆ ಮುಗಿಯಿತೆಂದೇ ಮನೆಯವರ ಎಣಿಕೆ. ನಿಜವಾದ ಪಥ್ಯ ಆಗ ತೊಡಗುತ್ತದೆ.

ಪ್ರಾಣಿಗಳ ಅಂಗಾಂಶದ ಕವಾಟ ಸಾಮಾನ್ಯವಾಗಿ 10-15 ವರ್ಷಗಳಲ್ಲಿ ಸವೆಯುತ್ತದೆ. ಲೋಹದ್ದು ಸವೆಯದು, ಆದರೆ ಅದರ ಮೇಲೆ ನೆತ್ತರು ಹೆಪ್ಪುಗಟ್ಟಲೆಳಸುತ್ತದೆ. ಆ ಹೆಪ್ಪು ಕದವನ್ನೇ ಹಿಡಿಯಬಹುದು, ಇಲ್ಲವೆ ಮಿದುಳಿಗೆ ಹೋಗಿ ಪಾರ್ಶ್ವವಾಯು ತರಬಹುದು. ಅದಕ್ಕಾಗಿ ವಾರ್ಫರಿನ್ ಗುಳಿಗೆಯನ್ನು ಆಜೀವ ನುಂಗಬೇಕು. ಹೊಸ ಬಗೆಯ ರಕ್ತ ತಿಳಿಮಾಡುವ ಗುಳಿಗೆಗಳು ಲೋಹದ ಕವಾಟಕ್ಕೆ ಒದಗುವುದಿಲ್ಲ. ಪ್ರಮಾಣ ಹೆಚ್ಚಾದರೆ ರಕ್ತಸ್ರಾವ, ಕಡಿಮೆಯಾದರೆ ಹೆಪ್ಪು. ಆದುದರಿಂದಲೇ ಐ.ಎನ್.ಆರ್. ಎಂಬ ರಕ್ತಪರೀಕ್ಷೆ. ನಿರೋಗಿಯಲ್ಲಿ ಇದು ಸುಮಾರು 1; ಎಡಭಾಗದ ಮೈಟ್ರಲ್ ಕವಾಟ ಲೋಹದ್ದಾದವರಲ್ಲಿ ಸಾಮಾನ್ಯವಾಗಿ 2.5ರಿಂದ 3.5ರ ನಡುವೆ ಇರಿಸುತ್ತಾರೆ. ಕಬ್ಬು ಕಟಾವಿನ ಹಂಗಾಮಿನಲ್ಲಿ ಪುರಸೊತ್ತಿಲ್ಲವೆಂದು ಈ ಪರೀಕ್ಷೆಯನ್ನು ಮುಂದೂಡುವುದು ಬಲು ದುಬಾರಿಯ ಉಳಿತಾಯ. ಮೆಂತ್ಯೆ, ರಾಜಗಿರಿ ಪಲ್ಯಗಳನ್ನು ಬಿಡಬೇಕಾಗಿಲ್ಲ. ಒಂದು ವಾರ ಬುಟ್ಟಿಗಟ್ಟಲೆ ತಿಂದು, ಮರುವಾರ ಮುಟ್ಟದಿರುವುದು ಸಲ್ಲದು. ನೋವಿನ ಗುಳಿಗೆಯನ್ನು ಅಂಗಡಿಯವನ ಮಾತಿನ ಮೇಲೆ ಕೊಳ್ಳಬಾರದು. ಹಲ್ಲು ಕೀಳಿಸುವ ಮೊದಲು ದಂತವೈದ್ಯರಿಗೆ ಕವಾಟದ ಮಾತು ತಿಳಿಸಲೇಬೇಕು.

ಸೊಸೆಗೆ ಕವಾಟವಿದ್ದರೆ ಬಸುರಿನ ವಿಚಾರವನ್ನು ಬಸುರಾಗುವ ಮೊದಲೇ ವೈದ್ಯರೊಡನೆ ಆಡಬೇಕು. ವಾರ್ಫರಿನ್ ಕೂಸಿಗೆ ಕೇಡು ಮಾಡಬಲ್ಲದು. ಹೆದರಿ ತಟ್ಟನೆ ಬಿಟ್ಟರೆ ತಾಯಿಗೇ ಕೇಡು. ಕೀಲುವಾತದ ಜ್ವರದವರು ಪೆನಿಸಿಲಿನ್ ಚುಚ್ಚುಮದ್ದನ್ನು, ಶಸ್ತ್ರಕ್ರಿಯೆಯಾಯಿತೆಂದು ತಾವೇ ನಿಲ್ಲಿಸಬಾರದು.

ರಾತ್ರಿ ರೇಡಿಯೋ ಆರಿಸಿದ ಮೇಲೆ ಲೋಹದ ಕವಾಟದ ಸಣ್ಣ ಟಿಕ್ ಟಿಕ್ ಪಕ್ಕದವರಿಗೂ ಕೇಳಿಸುವುದುಂಟು. ಹೆದರಬೇಕಾಗಿಲ್ಲ. ಆ ಸದ್ದು ಮಂಕಾಗಿ, ಉಸಿರೂ ಏರಿದರೆ ಬೆಳಗಿನವರೆಗೆ ಕಾಯದೆ ಆಸ್ಪತ್ರೆಗೆ ಕರೆದೊಯ್ಯಬೇಕು.