ಕಣ್ಣಿಗಿಂತ ಮೊದಲೇ ದರ ಕಾಣುವ ಕಾವಲುಗಾರ

ಸೋಮವಾರ, ಗುರುವಾರ ಬಂತೆಂದರೆ ಬ್ಯಾಡಗಿ ಮಾರುಕಟ್ಟೆ ಕೆಂಪೋ ಕೆಂಪು! ಡಬ್ಬಿ, ಕಡ್ಡಿ ಮೆಣಸಿನಕಾಯಿಯ ಚೀಲಗಳು ಹಾವೇರಿ ಸೀಮೆಯಿಂದಷ್ಟೇ ಅಲ್ಲ, ಬಳ್ಳಾರಿ, ರಾಯಚೂರು, ಆಂಧ್ರದಿಂದಲೂ ಬಂದು ಬೀಳುತ್ತವೆ. 2011ರಲ್ಲಿ ಭೌಗೋಳಿಕ ಗುರುತು ಪಡೆದ ಬ್ಯಾಡಗಿ ಮೆಣಸಿನಕಾಯಿ ಈಗ ಇ-ಟೆಂಡರ್‌ನಲ್ಲಿ ಮಾರಾಟವಾಗುತ್ತದೆ. ಒಂದೊಂದು ಲಾಟಿಗೂ ವರ್ತಕರು ಆನ್‌ಲೈನ್‌ನಲ್ಲಿ ದರ ಬರೆಯುತ್ತಾರೆ; ಹೆಚ್ಚು ಬರೆದವರಿಗೆ ಮಾಲು. ವರ್ಷದ ದುಡಿಮೆಯೆಲ್ಲ ಕೊನೆಗೆ ಪರದೆಯ ಮೇಲಿನ ಒಂದು ಅಂಕಿ!

ವೆಬ್ ಪುಟದಲ್ಲಿ ಅಂಥ ಅಂಕಿ ಬದಲಾದ ಗಳಿಗೆಯನ್ನು ಬ್ರೌಸರೇ ಹಿಡಿದು ಹೇಳಬಲ್ಲದೇ? ಬಲ್ಲದು. ಅದಕ್ಕೆ ಬೇಕಾದ್ದು ಜಾವಾಸ್ಕ್ರಿಪ್ಟ್ ಭಾಷೆಯ ನಾಲ್ಕೈದು ಸಾಲು ಎಂದು ತಿಳಿದಾಗ ನಾನು ಬೆರಗಾಗಿಹೋದೆ.

ಹಳೆಯ ಉಪಾಯ ಒಂದಿತ್ತು: ಸೆಕೆಂಡಿಗೊಮ್ಮೆ ಪುಟ ಓದುವುದು, ಹಿಂದಿನದಕ್ಕೆ ಹೋಲಿಸುವುದು. ದಲಾಲಿ ಅಂಗಡಿಗೆ ಗಳಿಗೆಗೊಮ್ಮೆ ಓಡಿ "ಸಾವಕಾರ್ರ, ರೇಟ್ ಬಂತೇನ್ರಿ?" ಎಂದು ಕೇಳಿದ ಹಾಗೆ. 2000ದಲ್ಲಿ 'ಮ್ಯುಟೇಶನ್ ಈವೆಂಟ್' ಎಂಬ ವ್ಯವಸ್ಥೆ ಬಂತು. ಆದರೆ ಅದು ಒಂದೊಂದು ಬದಲಾವಣೆಗೂ ಕೆಲಸ ನಿಲ್ಲಿಸಿ ಕೂಗುತ್ತಿತ್ತು, ಪುಟವೇ ನಿಧಾನವಾಗುತ್ತಿತ್ತು. ಕ್ರೋಮ್ ಅದನ್ನು 2024ರಲ್ಲಿ ತೆಗೆದೇಬಿಟ್ಟಿತು.

ಅದರ ಜಾಗಕ್ಕೆ 2012ರಿಂದ ಬ್ರೌಸರುಗಳಲ್ಲಿ ಬಂದದ್ದು 'ಮ್ಯುಟೇಶನ್ ಅಬ್ಸರ್ವರ್' ಎಂಬ ಕಾವಲುಗಾರ. ಯಾವ ಭಾಗ ಕಾಯಬೇಕು, ಏನನ್ನು ಕಾಯಬೇಕು ಎಂದು ಒಮ್ಮೆ ಹೇಳಿದರೆ ಸಾಕು. 'ಚೈಲ್ಡ್ ಲಿಸ್ಟ್' ಎಂದರೆ ದರದ ಕೋಷ್ಟಕಕ್ಕೆ ಸಾಲು ಸೇರಿದ್ದು, ಹೋದದ್ದು ತಿಳಿಯುತ್ತದೆ. 'ಸಬ್‌ಟ್ರೀ' ಎಂದರೆ ಇಡೀ ಕೋಷ್ಟಕದ ಒಳಗಿನ ಮೂಲೆ ಮೂಲೆಯೂ ಕಾವಲಿಗೆ ಬರುತ್ತದೆ!

ಇನ್ನು ಇದರ ಜಾಣತನ ನೋಡಿ. ಒಂದೇ ಏಟಿಗೆ ನೂರು ದರ ಬದಲಾದರೂ ಇದು ನೂರು ಸಲ ಕೂಗುವುದಿಲ್ಲ. ನೂರನ್ನೂ ಕ್ರಮವಾಗಿ ಪಟ್ಟಿ ಮಾಡಿ ಒಂದೇ ಸಲ ಒಪ್ಪಿಸುತ್ತದೆ. ಹೊಸ ದರವನ್ನು 'ಟೆಕ್ಸ್ಟ್ ಕಂಟೆಂಟ್' ಮೂಲಕ ಬರೆದರೆ ಹಳೆಯ ಅಂಕಿ ತೆಗೆದುಹಾಕಿದ ತುಣುಕಾಗಿ ಆ ಪಟ್ಟಿಯಲ್ಲೇ ಸಿಗುತ್ತದೆ! ಎಷ್ಟಿತ್ತು, ಎಷ್ಟಾಯಿತು, ಎರಡೂ ಕೈಯಲ್ಲಿ.

ಎಲ್ಲಕ್ಕಿಂತ ದೊಡ್ಡ ಬೆರಗು ಇನ್ನೊಂದು. ಪುಟ ಬದಲಿಸಿದ ಸ್ಕ್ರಿಪ್ಟ್ ಮುಗಿದ ಕೂಡಲೇ, ಬ್ರೌಸರ್ ಹೊಸ ಚಿತ್ರ ಬಿಡಿಸುವ ಮುನ್ನವೇ, ಕಾವಲುಗಾರನ ಕೈಗೆ ಪಟ್ಟಿ ತಲುಪಿರುತ್ತದೆ. ನಮ್ಮ ಕಣ್ಣು ಹೊಸ ದರ ನೋಡುವ ಮೊದಲೇ ಅವನಿಗೆ ಗೊತ್ತು!

ಇದರ ಗಡಿಯೂ ಸ್ಪಷ್ಟ. ಇದು ಕಾಯುವುದು ನಮ್ಮೆದುರು ತೆರೆದ ಪುಟವನ್ನು. ದೂರದ ಸರ್ವರಿನಲ್ಲಿ ದರ ಬದಲಾದರೂ ಈ ಪುಟ ಅದನ್ನು ತರಿಸಿಕೊಳ್ಳದಿದ್ದರೆ ಕಾವಲುಗಾರನಿಗೆ ಸುಳಿವಿಲ್ಲ. ಹೊಸ ಮಾಹಿತಿ ತರಿಸುವ ಕೆಲಸ ಬೇರೆ ಸ್ಕ್ರಿಪ್ಟಿನದು. ಎರಡನ್ನೂ ಜೋಡಿಸಿದರೆ ಏನಾಗಬಹುದು! ಕ್ವಿಂಟಲಿಗೆ ₹500 ಏರಿದ ಕ್ಷಣ ಗಂಟೆ ಬಾರಿಸುವ, ಅಕ್ಷರ ಬಾರದವರಿಗೆ ಕನ್ನಡದಲ್ಲೇ ದರ ಓದಿ ಹೇಳುವ ಪುಟ ಕಟ್ಟಬಹುದು. ಇದಕ್ಕೆ ದುಬಾರಿ ಯಂತ್ರ ಬೇಡ, ಲೈಸೆನ್ಸ್ ಶುಲ್ಕವೂ ಇಲ್ಲ. ರಾಣೆಬೆನ್ನೂರಿನ ಕಾಲೇಜು ಹುಡುಗಿಯ ಕಂಪ್ಯೂಟರಿನಲ್ಲಿರುವ ಬ್ರೌಸರಿಗೂ ಈ ಶಕ್ತಿ ಆಗಲೇ ಬಂದಿದೆ. ಅವಳು ಇವತ್ತೇ ಶುರು ಮಾಡಬಹುದು!