ಹೊಳೆಗೆ ಬಂದ ಕೆರೆಯ ಗಾಳಗಾರ

ಮಂಗಳೂರಿನ ಬಾಸೆಲ್ ಮಿಶನ್ನಿನವರು 1873ರಲ್ಲಿ ಹೊರತಂದ ‘ದಿ ರಾಡ್ ಇನ್ ಇಂಡಿಯಾ’ ಎಂಬ ಇಂಗ್ಲಿಷ್ ಗ್ರಂಥವು ಗಾಳದಿಂದ ಮೀನು ಹಿಡಿಯುವ ವಿದ್ಯೆಯನ್ನು ಕುರಿತುದೆಂದರೆ ಇಂದಿನ ಓದುಗರಿಗೆ ಆಶ್ಚರ್ಯವಾದೀತು. ಅದನ್ನು ಬರೆದ ಹೆನ್ರಿ ಸಲಿವನ್ ಥಾಮಸರು ದಕ್ಷಿಣ ಕನ್ನಡದಲ್ಲಿ ಸರಕಾರಿ ಅಧಿಕಾರಿಗಳಾಗಿದ್ದವರು. ಕೆರೆಯ ಏರಿಯ ಮೇಲೆ ಎರೆಹುಳು ಸಿಕ್ಕಿಸಿಕೊಂಡು ಕುಳಿತವರನ್ನಷ್ಟೇ ಕಂಡ ನಮಗೆ ಇದೊಂದು ಶಾಸ್ತ್ರವೆಂದೇ ತೋರುವುದಿಲ್ಲ. ಆದರೆ ಥಾಮಸರ ನಾಡಾದ ಇಂಗ್ಲೆಂಡಿನಲ್ಲಿ ಶತಮಾನಗಳಿಂದ ಗ್ರಂಥಗಳನ್ನೂ ಪಕ್ಷ ಪ್ರತಿಪಕ್ಷಗಳನ್ನೂ ಬೆಳೆಸಿಕೊಂಡು ಬಂದಿರುವ ಈ ವಿದ್ಯೆಯ ಅತ್ಯಂತ ಸೂಕ್ಷ್ಮವಾದ ಶಾಖೆಯೇ ‘ಫ್ಲೈ ಫಿಶಿಂಗ್’, ಅಂದರೆ ಹುಸಿನೊಣದ ಗಾಳ.

ಇಲ್ಲಿ ಎರೆಯಿಲ್ಲ, ಹಿಟ್ಟಿನ ಉಂಡೆಯಿಲ್ಲ. ಪುಟ್ಟ ಕೊಕ್ಕೆಯ ಮೇಲೆ ಹಕ್ಕಿಯ ಗರಿ, ಮೊಲದ ತುಪ್ಪಳು, ನೂಲಿನೆಳೆ ಇವುಗಳನ್ನು ಸುತ್ತಿ ನೀರಿನ ಕೀಟದ ಹೋಲಿಕೆಯನ್ನು ಕಟ್ಟುತ್ತಾರೆ. ತೂಕವೇ ಇಲ್ಲದ ಇಂಥ ವಸ್ತುವನ್ನು ದೂರಕ್ಕೆ ಎಸೆಯುವುದು ಹೇಗೆಂದರೆ, ಭಾರವನ್ನೆಲ್ಲ ದಾರದಲ್ಲಿಯೇ ಇರಿಸಿ, ಬಾಗುವ ಕೋಲಿನಿಂದ ಆ ದಾರವನ್ನು ಹಿಂದಕ್ಕೂ ಮುಂದಕ್ಕೂ ಗಾಳಿಯಲ್ಲಿ ಬಿಚ್ಚಿ, ಕೊನೆಗೆ ನೀರಿನ ಮೇಲೆ ಹಾಸುವುದು. ನೊಣವು ದಾರವನ್ನು ಹಿಂಬಾಲಿಸಿ ಹೋಗಿ ಮೆಲ್ಲನೆ ಇಳಿಯುತ್ತದೆ.

ಈಗ ಅಲ್ಲಿ ಈ ವಿದ್ಯೆಯನ್ನು ಆರಂಭಿಸುವವರಲ್ಲಿ ಬಹುಮಂದಿ ನಿಂತ ನೀರಿನಲ್ಲಿಯೇ ಕೈ ಪಳಗಿಸಿಕೊಳ್ಳುತ್ತಾರೆ. ಬ್ರಿಸ್ಟಲ್ ನಗರದ ಕುಡಿಯುವ ನೀರಿಗಾಗಿ ಕಟ್ಟಿದ ಬ್ಲ್ಯಾಗ್ಡನ್ ಜಲಾಶಯದಲ್ಲಿ 1904ರಿಂದಲೂ ಟ್ರೌಟ್ ಮೀನಿಗೆ ಗಾಳ ಹಾಕುತ್ತ ಬಂದಿದ್ದಾರೆ. ಅದರ ನೆರೆಯ ಚ್ಯೂ ವ್ಯಾಲಿ ಜಲಾಶಯ 1956ರಲ್ಲಿ ತೆರೆಯಿತು. ಇಂಥ ಜಲಾಶಯಗಳಲ್ಲಿ ಸಾಕಿ ಬಿಡುವ ಮೀನುಗಳಲ್ಲಿ ಪಶ್ಚಿಮ ಅಮೆರಿಕ ಮೂಲದ ರೇನ್‌ಬೋ ಟ್ರೌಟ್ ಮುಖ್ಯವಾದುದು. ನಿಂತ ನೀರು ತಾನಾಗಿ ಏನನ್ನೂ ಹೊತ್ತು ತರದಾದ್ದರಿಂದ ಮೀನು ಆಹಾರವನ್ನರಸಿ ತಿರುಗುತ್ತಲೇ ಇರಬೇಕು. ಗಾಳಗಾರನಾದರೋ ಅದು ಇಂದು ಎಷ್ಟು ಆಳದಲ್ಲಿದೆ, ಎಂಥ ಚಲನೆಗೆ ಮನಸೋಲುತ್ತದೆ ಎಂಬುದನ್ನು ಊಹಿಸುತ್ತ, ಎಡಗೈಯ ಬೆರಳುಗಳಲ್ಲಿ ದಾರವನ್ನು 8ರ ಆಕಾರದಲ್ಲಿ ಸುತ್ತಿಕೊಳ್ಳುತ್ತ, ನೊಣವನ್ನು ಮೆಲ್ಲಮೆಲ್ಲನೆ ತನ್ನೆಡೆಗೆ ಸೆಳೆಯಬೇಕು. ಗರಿಯ ಆ ತುಣುಕಿಗೆ ಜೀವ ಬರುವುದು ಅವನ ಕೈಯಿಂದ.

ಹೀಗೆ ಪಳಗಿದವನು ಹ್ಯಾಂಪ್‌ಶೈರಿನ ಟೆಸ್ಟ್ ಅಥವಾ ಇಚನ್ ನದಿಯ ದಡಕ್ಕೆ ಬಂದು ನಿಂತಾಗ ಅವನಿಗೆ ಮೊದಲು ಅಡ್ಡಬರುವುದು ಆ ಪಳಗಿದ ಕೈಯೇ. ಸೀಮೆಸುಣ್ಣದ ದಿಬ್ಬಗಳಲ್ಲಿ ಇಂಗಿದ ಮಳೆಯ ನೀರು ಬುಗ್ಗೆಗಳಾಗಿ ಹೊಮ್ಮಿ ಹರಿಯುವ ಈ ನದಿಗಳು ತಳದ ಕಲ್ಲು ಎಣಿಸುವಷ್ಟು ತಿಳಿಯಾಗಿರುತ್ತವೆ. ಬುಗ್ಗೆಯ ನೀರಿನ ಉಷ್ಣತೆ ಬೇಸಗೆ ಚಳಿಗಾಲಗಳೆನ್ನದೆ ಸುಮಾರು 10 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲಿಯೇ ಇರುತ್ತದೆ. ಇಲ್ಲಿಯ ಮೂಲನಿವಾಸಿಯಾದ ಕಂದು ಟ್ರೌಟ್ ಅಲೆಯುವುದಿಲ್ಲ. ಸೆಳವಿಗೆ ಮುಖಮಾಡಿ, ಜೊಂಡಿನ ಮರೆಯಲ್ಲೋ ಕಲ್ಲಿನ ಮುಂದೆಯೋ ತನ್ನ ತಾಣವನ್ನು ಹಿಡಿದು ನಿಂತು, ಹೊಳೆ ತಂದೊಪ್ಪಿಸುವುದನ್ನು ಆಯ್ದು ತಿನ್ನುತ್ತದೆ.

ಆ ಮೀನಿನ ಕಣ್ಣಿಗೆ ನಿಜವಾದ ಕೀಟವು ಹೊಳೆಯ ವೇಗದಲ್ಲಿಯೇ, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ತೇಲಿಬರುವ ವಸ್ತು. ಆದರೆ ಹೊಳೆಯೆಂಬುದು ಒಂದೇ ಪ್ರವಾಹವಲ್ಲ. ನಡುವೆ ರಭಸ, ಅಂಚಿನಲ್ಲಿ ಮಂದಗತಿ, ಜೊಂಡಿನ ಬೆನ್ನಿಗೆ ಸುಳಿ. ಗಾಳಗಾರನ ದಾರ ಇವೆಲ್ಲವುಗಳ ಮೇಲೆ ಅಡ್ಡಲಾಗಿ ಬಿದ್ದೊಡನೆ ರಭಸದ ನೀರು ಅದರ ಹೊಟ್ಟೆಯನ್ನು ಹಿಡಿದೆಳೆಯುತ್ತದೆ, ದಾರ ನೊಣವನ್ನು ಎಳೆಯುತ್ತದೆ, ನೊಣವು ನೀರಿನ ಮೇಲೆ ಸಣ್ಣ ಗೀರೊಂದನ್ನು ಬಿಡುತ್ತ ಓಡುತ್ತದೆ, ಟ್ರೌಟ್ ತಳಕ್ಕೆ ಸರಿಯುತ್ತದೆ. ಇಂಗ್ಲಿಷರು ಇದನ್ನು ‘ಡ್ರ್ಯಾಗ್’ ಎನ್ನುತ್ತಾರೆ. ದಡದಲ್ಲಿರುವವನಿಗೆ ಎಷ್ಟೋ ವೇಳೆ ಕಾಣಿಸದಷ್ಟು ಅಲ್ಪವಾದ ಈ ಎಳೆತವನ್ನು ಕಳೆಯುವುದೇ ಹೊಳೆಯ ಗಾಳದ ಅರ್ಧ ವಿದ್ಯೆ. ಅದಕ್ಕಾಗಿ ಮೀನಿನ ಹಿಂದೆ ನಿಂತು ಹೊಳೆಯ ಮೇಲ್ಮುಖವಾಗಿ ಎಸೆಯಬೇಕು. ದಾರವನ್ನು ಬಿಗಿಯದೆ ಸಡಿಲವಾಗಿ ಹಾಸಬೇಕು. ಅಡ್ಡಲಾಗಿ ಎಸೆದಾಗ ಕೋಲಿನ ತುದಿಯಿಂದ ಅರೆವೃತ್ತ ಬರೆದು, ರಭಸಕ್ಕೆ ಸಿಕ್ಕ ದಾರವನ್ನು ಮೇಲ್ಗಡೆಗೆ ಎತ್ತಿಡಬೇಕು. ಎಡಗೈಗೆ ಇಲ್ಲಿಯೂ ಬಿಡುವಿಲ್ಲ. ನೀರು ಮರಳಿ ತರುವ ದಾರವನ್ನು ನೀರಿನ ವೇಗದಲ್ಲಿಯೇ ಕೂಡಿಕೊಳ್ಳುತ್ತಿರಬೇಕು. ಒಂದಿಷ್ಟು ಅವಸರಿಸಿದರೂ ನೊಣ ಕದಲುತ್ತದೆ. ಜೀವ ಕೊಡುತ್ತಿದ್ದ ಕೈಗೆ ಜೀವ ಕೊಡದಿರುವುದನ್ನು ಕಲಿಸುವುದು ಅಭ್ಯಾಸಿಗೆ ಎಷ್ಟು ಕಠಿನವೆಂಬುದನ್ನು ಬರೆದು ತಿಳಿಸಲಾರೆ.

ಮೀನು ಎಲ್ಲಿದೆ ಎಂಬುದರಲ್ಲಿಯೂ ಕಣ್ಣು ಮೋಸಹೋಗುತ್ತದೆ. ಕೀಟವನ್ನು ಕಂಡ ಟ್ರೌಟ್ ಅದರೊಂದಿಗೆ ಕೊಂಚ ಕೆಳಕ್ಕೆ ತೇಲುತ್ತ ಎದ್ದು, ನುಂಗಿ, ಮತ್ತೆ ಮೇಲಿನ ತಾಣಕ್ಕೆ ಮರಳುತ್ತದೆ; ಉಂಗುರವೆದ್ದ ಸ್ಥಳಕ್ಕೆ ಎಸೆದವನ ನೊಣ ಮೀನಿನ ಬಾಲದ ಹಿಂದೆ ಬೀಳುತ್ತದೆ. ಬೆಳಕಿನ ವಕ್ರೀಭವನದಿಂದಾಗಿ ಮೀನು ಹೊರಜಗತ್ತನ್ನು ಕಾಣುವುದು ಸುಮಾರು 97 ಡಿಗ್ರಿ ಅಗಲದ ಶಂಕುವಿನಾಕಾರದ ಗವಾಕ್ಷವೊಂದರ ಮೂಲಕ. ದಡದಲ್ಲಿ ನೆಟ್ಟಗೆ ನಿಂತವನು ಅದರ ಅಂಚಿನಲ್ಲಿ ಕಾಣಿಸಿಕೊಳ್ಳುತ್ತಾನೆ, ಮಂಡಿಯೂರಿ ಬಾಗಿದವನು ಬಹುಮಟ್ಟಿಗೆ ತಪ್ಪಿಸಿಕೊಳ್ಳುತ್ತಾನೆ.

ಹಾಗೆಂದು ಕೆರೆಯವನ ಗಳಿಕೆಯೆಲ್ಲ ವ್ಯರ್ಥವಲ್ಲ. ನೀರಿನ ಮೇಲೆ ತೇಲುವ ನೊಣವೇ ಶಿಷ್ಟವಾದುದೆಂದು ಫ್ರೆಡರಿಕ್ ಹಾಲ್‌ಫರ್ಡರು 1880ರ ದಶಕದಲ್ಲಿ ತಮ್ಮ ಗ್ರಂಥಗಳಿಂದ ಪ್ರತಿಷ್ಠಾಪಿಸಿದರೆ, ನೀರೊಳಗಿನ ಮರಿಕೀಟದ ರೂಪವನ್ನೂ ಬಳಸಬಹುದೆಂದು ಜಿ. ಇ. ಎಂ. ಸ್ಕ್ಯೂಸರು 1910ರ ತಮ್ಮ ಪುಸ್ತಕದಲ್ಲಿ ವಾದಿಸಿದರು. ಈ ವ್ಯಾಜ್ಯ ಬಹುಕಾಲ ನಡೆಯಿತು. ಟ್ರೌಟ್ ತನ್ನ ಆಹಾರದ ಬಹುಭಾಗವನ್ನು ನೀರಿನೊಳಗೇ ತಿನ್ನುವುದರಿಂದ ನನಗೆ ಸ್ಕ್ಯೂಸರ ಪಕ್ಷವೇ ನ್ಯಾಯವಾಗಿ ತೋರುತ್ತದೆ. ಮುಂದೆ ವಿಲ್ಟ್‌ಶೈರಿನ ಏವನ್ ನದಿಯ ಕಾವಲುಗಾರ ಫ್ರ್ಯಾಂಕ್ ಸಾಯರರು ನೂಲಿನ ಬದಲು ತಾಮ್ರದ ತೆಳುತಂತಿಯಿಂದ ಫೆಸೆಂಟ್ ಹಕ್ಕಿಯ ಬಾಲದ ಗರಿಯನ್ನು ಕಟ್ಟಿ ಮಾಡಿದ ಮರಿಕೀಟವನ್ನು ಇಂದು ಕೆರೆಯವರೂ ಹೊಳೆಯವರೂ ಒಂದೇ ಪ್ರೀತಿಯಿಂದ ಪೆಟ್ಟಿಗೆಯಲ್ಲಿಟ್ಟುಕೊಳ್ಳುತ್ತಾರೆ.

ಮೇ ತಿಂಗಳ ಕೊನೆಯಲ್ಲಿ ಈ ನದಿಗಳ ಮೇಲೆ ಮೇಫ್ಲೈ ಏಳುತ್ತದೆ. ಎರಡು ವರ್ಷಗಳಷ್ಟು ಕಾಲ ತಳದ ಕೆಸರಿನಲ್ಲಿ ಬೆಳೆದ ಈ ಕೀಟವು ರೆಕ್ಕೆ ಮೂಡಿದ ಮೇಲೆಯೂ ಇನ್ನೊಮ್ಮೆ ಪೊರೆ ಕಳಚುತ್ತದೆ. ಕೀಟಕುಲದಲ್ಲಿ ಬೇರೆ ಯಾವುದಕ್ಕೂ ಇಲ್ಲದ ವಿಶೇಷವಿದು. ಉಣ್ಣುವ ಬಾಯಿಯೂ ಇಲ್ಲದೆ, ಕೆಲವೇ ದಿನಗಳೊಳಗೆ ಕೂಡಿ, ನೀರಿಗೆ ಮೊಟ್ಟೆಯಿಳಿಸಿ, ರೆಕ್ಕೆ ಚಾಚಿ ಸಾಯುತ್ತದೆ. ಅಂಥ ಸಂಜೆ ಅಂಜುಬುರುಕ ಟ್ರೌಟ್ ಕೂಡ ಮೈಮರೆತು ಮೇಲೆದ್ದು ತಿನ್ನುತ್ತದೆ. ಹೊಸಬನ ಮೊದಲ ಮೀನು ಅನೇಕ ವೇಳೆ ಆಗಲೇ ದೊರೆಯುವುದು. ಹಿಡಿದುದನ್ನು ಬಹಳ ಮಂದಿ ನೀರಿಗೇ ಬಿಡುತ್ತಾರೆ. ಬಿಡುವಾಗ ಒದ್ದೆಮಾಡಿಕೊಂಡ ಅಂಗೈಯಲ್ಲಿ ಅದನ್ನು ಸೆಳವಿಗೆ ಮುಖಮಾಡಿ ಹಿಡಿದು, ಕಿವಿರುಗಳಲ್ಲಿ ಉಸಿರು ಕೂಡಿ ಅದು ತಾನಾಗಿ ಬಾಲವಾಡಿಸಿ ಹೊರಡುವವರೆಗೆ ಕೈ ಕದಲಿಸದೆ ಕಾಯುತ್ತಾರೆ.